‘ಕ್ರೆಡಿಟ್’ ಅಂದರೆ ಉದ್ರಿಯೋ, ಜಮಾನೋ?

ಕಳೆದ ರಜೆಯಲ್ಲಿ ಅಬ್ಬಾ ಅವರ ಕಿರಾಣಿ ಅಂಗಡಿಯಲ್ಲಿ ಕುಳಿತಿದ್ದೆ. ಅಬ್ಬಾ ಅಸರ್ ನಮಾಜಿಗೆ ಹೋಗಿದ್ದರು. ಹಳೆಯ ಗಿರಾಕಿ ಕಾಕಾ ಒಬ್ಬರು ಬಂದು ಸಾಮಾನಿನ ಚೀಟಿ ಕೊಟ್ಟರು. ನಾನು ಉದ್ರಿ ವಹಿ ತೆಗೆದು ಅವರ ಪುಟ ನೋಡಿದೆ. ಮೇಲೆ ‘ಬಾಕಿ 1,800’, ಅದರ ಕೆಳಗೆ ಅಣ್ಣನ ಅಕ್ಷರದಲ್ಲಿ ‘ಕ್ರೆಡಿಟ್ 1,800’ ಎಂದಿತ್ತು. ಎರಡನ್ನೂ ಕೂಡಿಸಿ, ನಾಲ್ಕು ಜನರ ಮುಂದೆ, “ಕಾಕಾ, 3,600 ಬಾಕಿ ಅದ, ಮೊದಲ ಅದನ್ನ ಕೊಡ್ರಿ” ಅಂದೆ.

“ಹೋದ ವಾರ ಪೂರಾ ಚುಕ್ತಾ ಮಾಡೇನಲ್ಲೋ ತಮ್ಮಾ” ಎಂದವರೇ ಚೀಟಿ ತಿರುಗಿ ತೆಗೆದುಕೊಂಡು ಹೊರಟುಹೋದರು.

ಅಣ್ಣ ಬಿ.ಕಾಂ. ಓದುತ್ತಾನೆ. ಅವನು ಬರೆದದ್ದು ಸರಿಯೇ ಇತ್ತು. ನಾನು ಓದಿದ್ದು ತಪ್ಪು. ಒಂದೇ ಪದಕ್ಕೆ ಎರಡು ವಿರುದ್ಧ ಅರ್ಥಗಳಿದ್ದವು. ಆ ಪದವನ್ನು ಅಂದಿನಿಂದ ಬೆನ್ನುಹತ್ತಿದ್ದೇನೆ. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೂಲ: ‘ಕ್ರೆಡಿಟ್’ ಲ್ಯಾಟಿನ್ ಭಾಷೆಯ ‘ನಂಬು’ ಎಂಬ ಕ್ರಿಯಾಪದದಿಂದ ಬಂದಿದೆ. ಉಳಿದ ಅರ್ಥಗಳೆಲ್ಲ ಈ ನಂಬಿಕೆಯ ಮಕ್ಕಳು.

ಉದ್ರಿ: ನಂಬಿ ಸಾಮಾನು ಕೊಟ್ಟು, ಹಣ ಆಮೇಲೆ ಪಡೆಯುವುದು. ಬಿಲ್ಲಿನ ಮೇಲೆ ‘ಕ್ರೆಡಿಟ್’ ಎಂದಿದ್ದರೆ ಈ ಅರ್ಥ. ನಮ್ಮ ಮನೆಯಲ್ಲಿ ಇದೇ ‘ಉಧಾರ್’. ಕ್ರೆಡಿಟ್ ಕಾರ್ಡ್ ಕೂಡ ಬ್ಯಾಂಕಿನ ಉದ್ರಿಯೇ. ಡೆಬಿಟ್ ಕಾರ್ಡಿನಲ್ಲಿ ಹೋಗುವುದು ನಮ್ಮದೇ ಹಣ.

ಜಮಾ: ಲೆಕ್ಕಶಾಸ್ತ್ರದ ನಿಯಮ ನೆನಪಿರಲಿ. ಪಡೆದವರಿಗೆ ಡೆಬಿಟ್, ಕೊಟ್ಟವರಿಗೆ ಕ್ರೆಡಿಟ್. ಕಾಕಾ ಸಾಮಾನು ಒಯ್ದಾಗ ಅವರ ಖಾತೆಗೆ ಡೆಬಿಟ್, ಹಣ ಕೊಟ್ಟಾಗ ಕ್ರೆಡಿಟ್. ಅಂದರೆ ಅಣ್ಣ ಬರೆದದ್ದು ‘1,800 ಜಮಾ’. ಬಾಕಿ ಸೊನ್ನೆ! ಈ ‘ಜಮಾ’ ಅರಬ್ಬಿ ಪದ. ಶುಕ್ರವಾರದ ಜುಮಾ, ಮಸೀದಿಯ ಜಮಾಅತ್ ಇವೂ ಅದೇ ಮೂಲದವು, ಮೂಲಾರ್ಥ ‘ಕೂಡಿಸು’. ಬಾಕಿ, ಖರ್ಚು ಕೂಡ ಅರಬ್ಬಿ ಮೂಲದಿಂದ ಬಂದು ಕನ್ನಡದವೇ ಆಗಿವೆ.

ಬ್ಯಾಂಕ್: ವಿದ್ಯಾರ್ಥಿವೇತನ ಬಂದರೆ ಮೊಬೈಲಿಗೆ ‘ಕ್ರೆಡಿಟೆಡ್’ ಎಂಬ ಸಂದೇಶ ಬರುತ್ತದೆ. ಅದು ಬ್ಯಾಂಕಿನ ಪುಸ್ತಕದ ಮಾತು. ಬ್ಯಾಂಕಿನ ಲೆಕ್ಕದಲ್ಲಿ ಹಣ ಕೊಟ್ಟವರು ನಾವು. ನಮ್ಮ ನಗದು ಪುಸ್ತಕದಲ್ಲಿ ಅದೇ ಮೊತ್ತ ಡೆಬಿಟ್ ಕಡೆ ಬರುತ್ತದೆ. ಬ್ಯಾಂಕ್ ರಿಕನ್ಸಿಲಿಯೇಶನ್ ಲೆಕ್ಕದಲ್ಲಿ ಹಲವರು ಅಂಕ ಕಳೆದುಕೊಳ್ಳುವುದು ಇಲ್ಲಿಯೇ.

ಪತ್ತು: ಸಾಲ ತೀರಿಸುತ್ತಾರೆಂಬ ಭರವಸೆ. ‘ಪತ್ತಿನ ಸಹಕಾರಿ ಸಂಘ’ ಎಂಬ ಬೋರ್ಡು ನಮ್ಮೂರಲ್ಲಿ ಎಷ್ಟೋ ಕಡೆ ಇದೆ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಂಥ ಸಂಘ ಕಟ್ಟಿದರು. ಆಗ ಅದು ನಮ್ಮ ಧಾರವಾಡ ಜಿಲ್ಲೆಯೇ. ಇಂದು ಪತ್ತನ್ನು ಸಂಖ್ಯೆಯಲ್ಲಿ ಅಳೆಯುತ್ತಾರೆ: ಸಿಬಿಲ್ ಸ್ಕೋರ್ 300ರಿಂದ 900ರವರೆಗೆ ಇರುತ್ತದೆ.

ತೆರಿಗೆ: 2017ರ ಜುಲೈ 1ರಿಂದ ಜಿಎಸ್‌ಟಿ ಇದೆ. ವ್ಯಾಪಾರಿ ಮಾಲು ಕೊಂಡಾಗ 180 ರೂ. ತೆರಿಗೆ ಕೊಟ್ಟು, ಮಾರಿದಾಗ 270 ರೂ. ವಸೂಲು ಮಾಡಿದರೆ ಸರ್ಕಾರಕ್ಕೆ ಕಟ್ಟುವುದು 90 ರೂ. ಮಾತ್ರ. ಮೊದಲು ಕೊಟ್ಟ 180 ರೂ. ‘ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್’.

ಶ್ರೇಯ: ಪ್ರಾಜೆಕ್ಟ್ ಒಬ್ಬರು ಮಾಡಿ, ಹೆಸರು ಇನ್ನೊಬ್ಬರು ಪಡೆದರೆ ‘ಕ್ರೆಡಿಟ್ ತಗೊಂಡ’ ಅನ್ನುತ್ತೇವಲ್ಲ, ಅದು. ಮುಂದೆ ಡಿಗ್ರಿಯಲ್ಲಿ ಪ್ರತಿ ವಿಷಯಕ್ಕೂ ಇಷ್ಟು ಕ್ರೆಡಿಟ್ ಎಂದಿರುತ್ತದೆ. ಅದು ಕಲಿಕೆಯ ಅಳತೆ.

ಅಂದು ರಾತ್ರಿ ಅಬ್ಬಾ ಬಯ್ಯಲಿಲ್ಲ. ಕುರ್‌ಆನಿನ ಅತಿ ಉದ್ದದ ಆಯತ್, ಅಂದರೆ ಸೂರಾ ಬಖರಾದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆಯೇ ಇದೆ ಎಂದು ನೆನಪಿಸಿದರು. “ಬರೆದರೆ ಸಾಲದು, ಓದುವವನಿಗೂ ತಿಳಿಯಬೇಕು” ಎಂದರು. ಮರುದಿನ ನಾವಿಬ್ಬರೂ ಕಾಕಾ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಅವರು ಚಹಾ ಕೊಟ್ಟು ಕಳಿಸಿದರು.

ಈಗ ನಮ್ಮ ವಹಿಯಲ್ಲಿ ‘ಕ್ರೆಡಿಟ್’ ಎಂಬ ಪದವೇ ಇಲ್ಲ. ಒಯ್ದದ್ದು ‘ಉದ್ರಿ’, ಕೊಟ್ಟದ್ದು ‘ಜಮಾ’. ಕಾಕಾ ಈಗಲೂ ಅಂಗಡಿಗೆ ಬರುತ್ತಾರೆ. ಆದರೆ ರೋಕ ಕೊಟ್ಟೇ ಒಯ್ಯುತ್ತಾರೆ, ಉದ್ರಿ ಕೇಳುವುದಿಲ್ಲ.