ಮಾತ್ರೆ ನಡೆಯಲಿ, ಕೆಲಸವೂ ನಡೆಯಲಿ

ಸರಗೂರಿನ ಸುತ್ತ ಹತ್ತಿ ಬಿಡಿಸುವ ಕಾಲ ಬಂತೆಂದರೆ ಮನೆಮಂದಿಯೆಲ್ಲ ಹೊಲದಲ್ಲಿರುತ್ತಾರೆ. ಕೆಲವು ಮನೆಗಳಲ್ಲಿ ಒಬ್ಬರು ಮಾತ್ರ ಜಗಲಿ ಬಿಟ್ಟು ಏಳುವುದಿಲ್ಲ. ‘ಪೂರ್ತಿ ಹುಷಾರಾಗಲಿ, ಆಮೇಲೆ ನೋಡೋಣ’ ಎಂದು ಮನೆಯವರು ಪ್ರೀತಿಯಿಂದಲೇ ಹೇಳಿರುತ್ತಾರೆ. ಆ ‘ಆಮೇಲೆ’ ಎಷ್ಟೋ ಸಲ ಬರುವುದೇ ಇಲ್ಲ. ಸ್ಕಿಜೋಫ್ರೀನಿಯಾದಂಥ ಕಾಯಿಲೆ ಇರುವವರನ್ನು ತರಬೇತಿಯಲ್ಲೇ ಕೂರಿಸುವುದಕ್ಕಿಂತ, ಬೇಗ ನಿಜವಾದ ಕೆಲಸಕ್ಕೆ ಹಚ್ಚಿ ಬೆನ್ನಿಗೆ ನಿಂತರೆ ಹೆಚ್ಚು ಜನ ದುಡಿಮೆಗೆ ಮರಳುತ್ತಾರೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ.

ಮೊದಲು ಚಿಕಿತ್ಸೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡಿದೆ. ನಿಮ್ಮ ಕಡೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಫೋನಿನಲ್ಲೇ ಮಾತಾಡಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ದೇವರಿಗೆ ಹರಕೆ ಹೊತ್ತಿದ್ದರೆ ತೀರಿಸಿ, ಆದರೆ ಮಾತ್ರೆ ಬಿಡಿಸಬೇಡಿ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನವರು ನಡೆಸಿದ ಅಧ್ಯಯನದಲ್ಲಿ, ಚಿಕಿತ್ಸೆ ಪಡೆಯುತ್ತಿದ್ದವರ ಅಂಗವೈಕಲ್ಯದ ಮಟ್ಟ ಪಡೆಯದವರಿಗಿಂತ ಕಡಿಮೆ ಇತ್ತು.

ಆಮೇಲೆ ಕಾಗದಪತ್ರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಅಂಗವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕಂಡು ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸಿ. ತನ್ನನ್ನು ತಾನು ನೋಡಿಕೊಳ್ಳುವುದು, ಜನರೊಡನೆ ಬೆರೆಯುವುದು, ಮಾತು ಮತ್ತು ತಿಳಿವಳಿಕೆ, ಕೆಲಸ: ಅಂಗವೈಕಲ್ಯ ಎಷ್ಟೆಂದು ಗೊತ್ತುಮಾಡಲು ವೈದ್ಯರು ಅಳೆಯುವುದು ಈ ನಾಲ್ಕನ್ನು, ಜೊತೆಗೆ ಕಾಯಿಲೆ ಎಷ್ಟು ಕಾಲದಿಂದ ಇದೆ ಎಂಬುದನ್ನು. ಹಾಗಾಗಿ ಹಳೆಯ ಚೀಟಿಗಳನ್ನೆಲ್ಲ ಜೋಪಾನವಾಗಿಡಿ. ತಪಾಸಣೆಯ ದಿನ ಸ್ನಾನ ಮಾಡಿಸಿ, ಇಸ್ತ್ರಿ ಬಟ್ಟೆ ತೊಡಿಸಿ ‘ಎಲ್ಲ ಚೆನ್ನಾಗಿದೆ’ ಎಂದುಬಿಡುತ್ತಾರೆ ಕೆಲವರು. ಹಾಗೆ ಮಾಡಬೇಡಿ, ಮನೆಯಲ್ಲಿ ಇದ್ದದ್ದನ್ನು ಇದ್ದ ಹಾಗೇ ಹೇಳಿ. ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚು ಎಂದಾದರೆ ಮೀಸಲಾತಿಯಂಥ ಸೌಲಭ್ಯಗಳ ಬಾಗಿಲು ತೆರೆಯುತ್ತದೆ.

ಬೇಗ ಕೆಲಸಕ್ಕೆ ಹಚ್ಚಬೇಕು ನಿಜ, ಆದರೆ ಯಾವ ಕೆಲಸ ಎಂದು ಆರಿಸುವಾಗ ಅವಸರ ಬೇಡ. ಮೊದಲು ಅವರನ್ನೇ ಕೇಳಿ: ಏನು ಮಾಡಲು ಇಷ್ಟ, ಹಿಂದೆ ಏನು ಮಾಡುತ್ತಿದ್ದಿರಿ? ಮೊದಲ ವಾರ ದಿನಕ್ಕೆ ಎರಡು ಗಂಟೆ ಸಾಕು. ಒಂದು ಸಾಲು ಹತ್ತಿ, ಎರಡು ಹಸುವಿನ ಮೇವು, ಅಂಗಡಿಯಲ್ಲಿ ಪೊಟ್ಟಣ ಕಟ್ಟುವುದು. ಬೆಳಿಗ್ಗೆ ಮಂಪರು ಬಿಡದಿದ್ದರೆ ಸೋಮಾರಿ ಎನ್ನಬೇಡಿ, ಅದು ಮಾತ್ರೆಯಿಂದಲೂ ಬರುತ್ತದೆ. ಹೊತ್ತು ಅಥವಾ ಪ್ರಮಾಣ ಬದಲಿಸಬಹುದೇ ಎಂದು ವೈದ್ಯರನ್ನೇ ಕೇಳಿ. ಮಂಪರು ಇರುವಷ್ಟು ದಿನ ಮೇವು ಕತ್ತರಿಸುವ ಯಂತ್ರ, ಟ್ರ್ಯಾಕ್ಟರ್, ಮರ ಹತ್ತುವ ಕೆಲಸ ಬೇಡವೇ ಬೇಡ. ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ಬಿಸಿಲಲ್ಲಿ ಬೆವರಿ ಒಣಗಬಾರದು, ನೀರಿನ ಬಾಟಲಿ ಬದುವಿನ ಮೇಲೇ ಇರಲಿ.

ಮಾಲೀಕರ ಹತ್ತಿರ ಕಾಯಿಲೆಯ ಹೆಸರು ಹೇಳಲೇಬೇಕೆಂದಿಲ್ಲ. ಹೇಳುವುದೋ ಬಿಡುವುದೋ ಕಾಯಿಲೆ ಇರುವವರದೇ ತೀರ್ಮಾನ. ಅವರು ಒಪ್ಪಿದರೆ ‘ಮಧ್ಯಾಹ್ನ ಅರ್ಧ ಗಂಟೆ ಬಿಡುವು ಬೇಕು, ತಿಂಗಳಿಗೊಂದು ದಿನ ಆಸ್ಪತ್ರೆಗೆ ಹೋಗಬೇಕು’ ಎಂದಷ್ಟೇ ಹೇಳಿದರೂ ಸಾಕು.

ಇನ್ನು ಊರಿನ ಮಾತು. ‘ಹುಚ್ಚ’ ಎಂದು ಕೂಗುವ ಬಾಯನ್ನು ಭಾಷಣ ಮುಚ್ಚಿಸುವುದಿಲ್ಲ. ಜೊತೆಯಲ್ಲಿ ದುಡಿದು, ಒಂದೇ ಬುತ್ತಿ ಹಂಚಿಕೊಂಡು ಉಂಡವರಲ್ಲಿ ಭಯ ಕರಗುತ್ತದೆ. ಕಳಂಕದ ಅಧ್ಯಯನಗಳೂ ಇಂಥ ಒಡನಾಟದ ಕಡೆಗೇ ಬೆರಳು ಮಾಡುತ್ತವೆ. ಆದ್ದರಿಂದ ಒಬ್ಬರನ್ನೇ ಮೂಲೆಯ ಸಾಲಿಗೆ ಬಿಡಬೇಡಿ, ನಡುವಿನ ಸಾಲು ಕೊಡಿ. ಸಂಜೆ ಕೂಲಿಯನ್ನು ಅಣ್ಣನ ಕೈಗೋ ಅಪ್ಪನ ಕೈಗೋ ಕೊಡದೆ, ಎಣಿಸಿ ಅವರ ಕೈಗೇ ಕೊಡಿ.