ಐದನೇ ಇಯತ್ತೆಯ ಕೋಚಿಂಗ್: ಎಷ್ಟು ಬೇಕು, ಎಲ್ಲಿಗೆ ಸಾಕು?

ನವೋದಯ ವಸತಿ ಶಾಲೆಗಳಿಗೆ ಅರ್ಜಿ ಕರೆಯುವ ಹೊತ್ತಿಗೆ ಕೃಷ್ಣಾ–ಘಟಪ್ರಭಾ ಸೀಮೆಯ ಊರುಗಳಿಂದ ಬರುವ ಪತ್ರಗಳ ವಿಷಯ ಬಹುಪಾಲು ಒಂದೇ. ಈ ಸಲ ಅವುಗಳಲ್ಲಿ ಐದನ್ನು ಆರಿಸಿ ಉತ್ತರಿಸಿದ್ದೇನೆ. ಬರೆದವರ ಹೆಸರು ಬಿಟ್ಟಿದ್ದೇನೆ.

ಪ್ರಶ್ನೆ: ನಾವು ನೇಕಾರರು. ಮನೆಯಲ್ಲಿ ಎರಡು ಪವರ್‌ಲೂಮ್ ಇವೆ. ಮಗ ಐದನೇ ಇಯತ್ತೆ, ಲೆಕ್ಕದಲ್ಲಿ ಚುರುಕು. ಓಣಿಯ ಕೆಲವರು ಮಕ್ಕಳನ್ನು ವಸತಿ ಸಹಿತ ನವೋದಯ ಕೋಚಿಂಗ್‌ಗೆ ಬಿಟ್ಟಿದ್ದಾರೆ. ‘ಜಾಣ ಹುಡುಗನನ್ನು ಮನೆಯಲ್ಲಿಟ್ಟು ಹಾಳು ಮಾಡಬೇಡಿ’ ಎನ್ನುತ್ತಾರೆ. ಸೊಸೈಟಿಯಲ್ಲಿ ಸಾಲ ತೆಗೆದರೆ ಫೀ ಕಟ್ಟಬಹುದು. ಆದರೆ ರಾತ್ರಿ ಇನ್ನೂ ನನ್ನ ಮಗ್ಗುಲಲ್ಲೇ ಮಲಗುವ ಕೂಸು ಅದು. ಏನು ಮಾಡಲಿ ಅಕ್ಕಾ?
— ಒಬ್ಬ ತಾಯಿ, ಬನಹಟ್ಟಿ

ಉತ್ತರ: ಕಳಿಸಬೇಡಿ ತಂಗಿ. ಸಾಲ ಮಾಡಿಯಂತೂ ಬೇಡವೇ ಬೇಡ. ಹಾಗಂತ ಏನೂ ತಯಾರಿ ಇಲ್ಲದೆ ಪರೀಕ್ಷೆಗೆ ಕೂರಿಸುವುದೂ ತಪ್ಪು.

ಮೊದಲು ಪ್ರಶ್ನೆಪತ್ರಿಕೆಯಲ್ಲಿ ಏನಿರುತ್ತದೆ ನೋಡೋಣ. ಎರಡು ತಾಸು, 80 ಪ್ರಶ್ನೆ, 100 ಅಂಕ. ಅದರಲ್ಲಿ ಅರ್ಧ, ಅಂದರೆ 40 ಪ್ರಶ್ನೆಗೆ 50 ಅಂಕ, ಬರೀ ಚಿತ್ರಗಳದ್ದು. ನಾಲ್ಕರಲ್ಲಿ ಬೇರೆಯದು ಯಾವುದು, ಸಾಲಿನಲ್ಲಿ ಮುಂದೆ ಬರುವ ಆಕೃತಿ ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಕಾಗದ ಮಡಚಿ ತೂತು ಹಾಕಿ ಬಿಚ್ಚಿದರೆ ತೂತುಗಳು ಎಲ್ಲೆಲ್ಲಿರುತ್ತವೆ, ಇಂಥವು. ಓದು-ಬರಹದ ಹಂಗೇ ಇಲ್ಲ. ಗಣಿತ 20 ಪ್ರಶ್ನೆ, 25 ಅಂಕ. ಭಾಷೆಗೂ ಅಷ್ಟೇ: ನಾಲ್ಕು ಗದ್ಯಭಾಗ ಕೊಟ್ಟು, ಒಂದೊಂದರ ಮೇಲೆ ಐದೈದು ಪ್ರಶ್ನೆ. ಕನ್ನಡದಲ್ಲೇ ಬರೆಯಬಹುದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ಇದರಲ್ಲಿ ಕೋಚಿಂಗ್ ನಿಜವಾಗಿ ಸಹಾಯ ಮಾಡುವುದು ಎಲ್ಲಿ? ಚಿತ್ರದ ಪ್ರಶ್ನೆಗಳಲ್ಲಿ. ಯಾಕೆಂದರೆ ಅಂಥ ಪ್ರಶ್ನೆ ಶಾಲೆಯ ಪುಸ್ತಕದಲ್ಲಿ ಸಿಗುವುದು ಅಪರೂಪ. ಮೊದಲ ಸಲ ಕಂಡ ಮಗು ಪ್ರಶ್ನೆ ಏನು ಕೇಳುತ್ತಿದೆ ಎಂದು ತಿಳಿಯುವಷ್ಟರಲ್ಲೇ ಹೊತ್ತು ಕಳೆದುಕೊಳ್ಳುತ್ತದೆ. ಹತ್ತಾರು ಸಲ ಬಿಡಿಸಿದ ಮಗುವಿಗೆ ಆ ಗಾಬರಿ ಇರುವುದಿಲ್ಲ. ಆದರೆ ಈ ಲಾಭ ಬೇಗ ಸಿಗುತ್ತದೆ, ಬೇಗ ನಿಂತೂ ಬಿಡುತ್ತದೆ. ಬಗೆಬಗೆಯ ಪ್ರಶ್ನೆಗಳ ಪರಿಚಯ ಆದ ಮೇಲೆ ಅದನ್ನೇ ಬೆಳಗಿನ ಐದರಿಂದ ರಾತ್ರಿ ಹತ್ತರವರೆಗೆ ಅರೆಯುವುದರಿಂದ ಅಂಕ ಏರುತ್ತಲೇ ಹೋಗುವುದಿಲ್ಲ. ಆ ಪರಿಚಯಕ್ಕೆ ಹಾಸ್ಟೆಲ್ ಬೇಕಿಲ್ಲ, ಹಳೆಯ ಪ್ರಶ್ನೆಪತ್ರಿಕೆಗಳ ಒಂದು ಪುಸ್ತಕ ಸಾಕು. ನಿಮ್ಮ ಮಗ ಹುಟ್ಟಿದಾಗಿನಿಂದ ಸೀರೆಯ ಅಂಚಿನಲ್ಲಿ ಒಂದೇ ಆಕೃತಿ ಮತ್ತೆ ಮತ್ತೆ ಬರುವುದನ್ನು, ತಿರುಗಿ ಬರುವುದನ್ನು ನೋಡುತ್ತ ಬೆಳೆದವನು. ಮಗ್ಗದ ಮುಂದೆ ನಿಲ್ಲಿಸಿ ‘ಇಲ್ಲಿ ಒಂದು ಎಳೆ ತಪ್ಪಿದರೆ ಡಿಸೈನ್ ಹ್ಯಾಂಗ ಕಾಣತೈತಿ?’ ಎಂದು ಅವನ ಅಪ್ಪ ಕೇಳಿದರೆ ಅದೂ ಈ ಪರೀಕ್ಷೆಯ ತಯಾರಿಯೇ.

ಗಣಿತಕ್ಕೆ ಮಾತ್ರ ಸ್ವಲ್ಪ ಗಮನ ಬೇಕು. ಪರೀಕ್ಷೆ ಬರುವುದು ಸಾಮಾನ್ಯವಾಗಿ ಚಳಿಗಾಲದಲ್ಲಿ, ಶಾಲೆಯ ಪಾಠ ಮುಗಿಯುವ ಮೊದಲೇ. ಭಿನ್ನರಾಶಿ, ದಶಮಾಂಶ, ಲ.ಸಾ.ಅ., ಮ.ಸಾ.ಅ., ಕ್ಷೇತ್ರಫಲ, ಲಾಭ-ನಷ್ಟ, ಇವನ್ನು ಅವನ ಗುರುಗಳಿಂದಲೋ, ಓಣಿಯಲ್ಲಿ ಪಿಯುಸಿ ಓದುವ ಹುಡುಗಿಯಿಂದಲೋ ಮುಂಚಿತವಾಗಿ ಹೇಳಿಸಿ. ಭಾಷೆಗೆ ದಿನಾ ಒಂದು ಕತೆ, ಇಲ್ಲವೇ ಪತ್ರಿಕೆಯ ಒಂದು ಸುದ್ದಿ ಓದಿಸಿ, ‘ಇದರೊಳಗ ಏನೈತಿ?’ ಎಂದು ಕೇಳಿ. ಸಂಜೆ ಒಂದು ತಾಸು ಸಾಕು. ಕೊನೆಯ ತಿಂಗಳು ವಾರಕ್ಕೊಂದು ಪೂರ್ತಿ ಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಬಿಡಿಸಲಿ, ಉತ್ತರಪತ್ರಿಕೆಯ ವೃತ್ತಗಳನ್ನು ಪೆನ್ನಿನಿಂದ ತುಂಬುವುದನ್ನು ರೂಢಿ ಮಾಡಿಕೊಳ್ಳಲಿ. ಜಾಣ ಮಕ್ಕಳು ಕೂಡ ಅಲ್ಲಿ ಎಡವುತ್ತಾರೆ.

ಇನ್ನು ಬಸ್ ಸ್ಟ್ಯಾಂಡಿನ ಎದುರು ಕೋಚಿಂಗ್‌ನವರು ಹಾಕುವ ಫ್ಲೆಕ್ಸು. ಅಲ್ಲಿ ಆಯ್ಕೆಯಾದವರ ಫೋಟೊಗಳಿವೆ. ಅದೇ ಕೋಣೆಯಲ್ಲಿ ಅದೇ ಫೀ ಕಟ್ಟಿ ಕೂತು ಆಯ್ಕೆಯಾಗದವರ ಫೋಟೊ ಎಲ್ಲೂ ಇಲ್ಲ. ಒಂದು ನವೋದಯಕ್ಕೆ ಆರನೇ ತರಗತಿಗೆ ಹೆಚ್ಚೆಂದರೆ 80 ಮಕ್ಕಳು, ಅದೂ ಬಾದಾಮಿ, ಹುನಗುಂದ ಸೇರಿ ಇಡೀ ಬಾಗಲಕೋಟೆ ಜಿಲ್ಲೆಗೆ. ಅದರಲ್ಲಿ ಕನಿಷ್ಠ ಶೇ 75 ಗ್ರಾಮೀಣ ಮಕ್ಕಳಿಗೆ. ಬನಹಟ್ಟಿ ಪಟ್ಟಣವಾದ್ದರಿಂದ ನಿಮ್ಮ ಮಗ ಸ್ಪರ್ಧಿಸುವುದು ಉಳಿದ 20ಕ್ಕೆ. ಆ 20ರಲ್ಲೂ ಹಳ್ಳಿಯ ಮಕ್ಕಳು ಪಾಲು ಕೇಳಬಹುದು. ಇಷ್ಟು ಕಿರಿದಾದ ಬಾಗಿಲಿಗಾಗಿ ಮಗ್ಗದ ದುಡಿಮೆಯನ್ನು ಅಡ ಇಡಬೇಡಿ.

ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಕೋಚಿಂಗ್ ಕೇಂದ್ರಗಳು 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು. ನಿಮ್ಮ ಮಗನಿಗೆ ಹತ್ತು. ಅವನು ನಿಮ್ಮ ಮಗ್ಗುಲಲ್ಲೇ ಮಲಗಲಿ.

ಪ್ರಶ್ನೆ: ನಮ್ಮೂರು ಘಟಪ್ರಭಾ ದಂಡಿಗೆ ಐತ್ರಿ. ಕಬ್ಬು ಬೆಳಿತೀವಿ. ಮಗನ ಹೆಸರು ಊರ ಸಾಲ್ಯಾಗ ಇಟ್ಟು, ಅವನ್ನ ವಿಜಯಪುರದಾಗ ಕೋಚಿಂಗಿಗೆ ಬಿಡಬೇಕಂತ ಮಾಡೇವಿ. ಹಾಜರಿ ಹ್ಯಾಂಗರ ಹೊಂದಸ್ತೀವಿ ಅಂತ ಹೇಳ್ಯಾರ. ಇಲ್ಲಂದ್ರ ಟಿ.ಸಿ. ತಗದು ಮುಧೋಳದಾಗ ಹಚ್ಚೂದು. ಈ ಸಲ ಆಗಲಿಲ್ಲಂದ್ರ ಇನ್ನೊಂದು ವರ್ಷ ಐದನೇತ್ತೆಗೇ ಕುಂದರಿಸಿ ಬರಸ್ಬಹುದಲ್ರಿ?
— ಒಬ್ಬ ರೈತ, ಮುಧೋಳ ತಾಲ್ಲೂಕು

ಉತ್ತರ: ಬರಸಾಕ ಬರೂದಿಲ್ಲ ಅಣ್ಣಾ. ನವೋದಯದ ಆರನೇ ತರಗತಿ ಪ್ರವೇಶ ಪರೀಕ್ಷೆ ಜೀವನದಲ್ಲಿ ಒಂದೇ ಸಲ. ಐದನೇ ಇಯತ್ತೆಯನ್ನು ಎರಡನೇ ಸಲ ಓದುವ ಮಗುವಿಗೆ ಕೂರಲು ಅವಕಾಶವಿಲ್ಲ. ಕೋಚಿಂಗ್‌ನವರು ಬೇರೆ ಏನಾದರೂ ಹೇಳಿದ್ದರೆ ಈ ವರ್ಷದ ಪ್ರಾಸ್ಪೆಕ್ಟಸ್ ತೋರಿಸಿ ಎಂದು ಕೇಳಿ.

ಉಳಿದ ಎರಡು ದಾರಿಯಲ್ಲೂ ನಿಮಗೇ ನಷ್ಟ. ಮಗು ಯಾವ ಜಿಲ್ಲೆಯಲ್ಲಿ ವಾಸಿಸಿ ಐದನೇ ತರಗತಿ ಓದುತ್ತದೋ ಆ ಜಿಲ್ಲೆಯ ನವೋದಯಕ್ಕೇ ಅರ್ಜಿ ಹಾಕಬೇಕು. ಕೋಚಿಂಗ್‌ಗಾಗಿ ಹೆಸರನ್ನೂ ವಿಜಯಪುರದ ಶಾಲೆಗೆ ಸೇರಿಸಿದರೆ ಬಾಗಲಕೋಟೆಯ ಸೀಟು ಹೋಯಿತು, ಮನೆ ಮುಧೋಳದಲ್ಲಿ ಇರುವುದರಿಂದ ವಿಜಯಪುರದ್ದೂ ಸಿಗದು. ಮುಧೋಳ ಪಟ್ಟಣದ ಶಾಲೆಗೆ ಹಚ್ಚಿದರೆ ಇನ್ನೊಂದು ಪೆಟ್ಟು. ಗ್ರಾಮೀಣ ಕೋಟಾ ಬೇಕಾದರೆ ಮೂರು, ನಾಲ್ಕು, ಐದನೇ ತರಗತಿಗಳನ್ನು ಪೂರ್ತಿಯಾಗಿ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಈ ಮೂರು ವರ್ಷಗಳಲ್ಲಿ ಒಂದು ದಿನ ಪಟ್ಟಣದ ಶಾಲೆಯಲ್ಲಿ ಓದಿದರೂ ಮಗುವನ್ನು ನಗರದ ಅಭ್ಯರ್ಥಿ ಎಂದೇ ಎಣಿಸುತ್ತಾರೆ. ನಿಮ್ಮೂರ ಕನ್ನಡ ಶಾಲೆ ನಿಮ್ಮ ಮಗನಿಗೆ ಕೊಟ್ಟಿರುವ ದೊಡ್ಡ ಅನುಕೂಲ ಅದು. ಕೋಚಿಂಗ್‌ನ ಆಸೆಗೆ ಅದನ್ನೇ ಕೈಬಿಡುತ್ತಿದ್ದೀರಿ.

ಹಾಜರಿ ಹೊಂದಿಸುವ ಮಾತು ಕೇಳಿ ನನಗೆ ನೋವಾಯಿತು. ಅರ್ಜಿಗೆ ಮುಖ್ಯಾಧ್ಯಾಪಕರು ಸಹಿ ಮಾಡಿದ ಪ್ರಮಾಣಪತ್ರ ಬೇಕು, ಸುಳ್ಳು ಎಂದು ತಿಳಿದರೆ ಸಿಕ್ಕ ಸೀಟೂ ರದ್ದು. ಅದು ಹಾಗಿರಲಿ. ‘ನಾನು ಶಾಲೆಗೆ ಹೋಗದಿದ್ದರೂ ಹೋದಂತೆ ಅಪ್ಪ ಬರೆಸಿದ’ ಎಂಬುದನ್ನು ಹತ್ತು ವರ್ಷದ ಮಗು ಮರೆಯುವುದಿಲ್ಲ.

ವಿಜಯಪುರದ ಕೋಚಿಂಗ್‌ನವರು ಸೈನಿಕ ಶಾಲೆಯ ಹೆಸರನ್ನೂ ಹೇಳಿದ್ದರೆ, ಅದರ ಲೆಕ್ಕ ಬೇರೆ. ವಿಜಯಪುರದ ಸೈನಿಕ ಶಾಲೆ 1963ರದ್ದು. ಅದರ ಪರೀಕ್ಷೆ 300 ಅಂಕದ್ದು, 150 ಅಂಕ ಗಣಿತವೊಂದಕ್ಕೇ. ಮಾರ್ಚ್ 31ಕ್ಕೆ ಹತ್ತರಿಂದ ಹನ್ನೆರಡರೊಳಗಿನ ವಯಸ್ಸಾಗಿರಬೇಕು, ಒಂಬತ್ತನೇ ತರಗತಿಗೂ ಪ್ರವೇಶವಿದೆ. ಆದರೆ ಅಲ್ಲಿ ಶುಲ್ಕ ಕಟ್ಟಬೇಕು. ನವೋದಯದಲ್ಲಿ ಊಟ, ವಸತಿ, ಪುಸ್ತಕ ಎಲ್ಲ ಉಚಿತ. ಎರಡನ್ನೂ ಒಂದೇ ಎಂದುಕೊಂಡು ಹಣ ಕಟ್ಟಬೇಡಿ.

ಒಂದು ವಿನಂತಿ. ಪರೀಕ್ಷೆ ಬರುವುದು ಕಬ್ಬಿನ ಹಂಗಾಮಿನಲ್ಲಿ, ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲದ ದಿನಗಳಲ್ಲಿ. ಆ ದಿನ ಹುಡುಗನ ಜೊತೆ ನೀವೇ ಹೋಗಿ.

ಪ್ರಶ್ನೆ: ನಾನು ಹಿನ್ನೀರಿನ ಪುನರ್ವಸತಿ ಕೇಂದ್ರದ ಸರ್ಕಾರಿ ಶಾಲೆಯ ಶಿಕ್ಷಕಿ. ಐದನೇ ತರಗತಿಯ ನಾಲ್ವರು ಜಾಣ ಮಕ್ಕಳನ್ನು ಆರಿಸಿ ಶಾಲೆ ಬಿಟ್ಟ ಮೇಲೆ ನವೋದಯ, ಮೊರಾರ್ಜಿ ಪರೀಕ್ಷೆಗೆ ಕಲಿಸುತ್ತೇನೆ. ಪಾಲಕರು ದುಡ್ಡು ಕೊಡಲು ಬಂದರು, ನಾನು ತೆಗೆದುಕೊಂಡಿಲ್ಲ. ಆದರೆ ಉಳಿದ ಮಕ್ಕಳು ಬಾಗಿಲಲ್ಲಿ ನಿಂತು ನೋಡುತ್ತಾರೆ. ನಾನು ಮಾಡುತ್ತಿರುವುದು ಸರಿಯೇ?
— ಶಿಕ್ಷಕಿ, ಬೀಳಗಿ ತಾಲ್ಲೂಕು

ಉತ್ತರ: ದುಡ್ಡು ನಿರಾಕರಿಸಿದ್ದು ಸರಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಮು ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವುದನ್ನು ನಿಷೇಧಿಸುತ್ತದೆ. ಉಚಿತವಾಗಿ ಕಲಿಸುತ್ತಿರುವ ನಿಮಗೆ ಯಾವ ಅಂಜಿಕೆಯೂ ಬೇಡ.

ನವೋದಯ ಹುಟ್ಟಿದ್ದೇ ನಿಮ್ಮ ಶಾಲೆಯಂಥ ಶಾಲೆಗಳ ಮಕ್ಕಳಿಗಾಗಿ. 1985–86ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಪ್ರಯೋಗವಾಗಿ ಎರಡು ಶಾಲೆ ತೆರೆದರು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಅದನ್ನು ದೇಶದ ಯೋಜನೆಯನ್ನಾಗಿ ಮಾಡಿತು. ಮನೆಯ ಸ್ಥಿತಿಗತಿ ಏನೇ ಇರಲಿ, ಹಳ್ಳಿಯ ಪ್ರತಿಭಾವಂತ ಮಗುವಿಗೆ ಒಳ್ಳೆಯ ಶಿಕ್ಷಣ ಸಿಗಬೇಕು ಎಂಬುದು ಅದರ ಉದ್ದೇಶ. ಫೀ ಕಟ್ಟುವ ಶಕ್ತಿ ಇದ್ದವರ ಮಕ್ಕಳಷ್ಟೇ ಪ್ರಶ್ನೆಪತ್ರಿಕೆಯ ಗುಟ್ಟು ತಿಳಿದು ಬಂದರೆ ಆ ಉದ್ದೇಶ ಮಣ್ಣುಗೂಡುತ್ತದೆ. ದುಡ್ಡಿನ ಕೋಚಿಂಗ್ ಬಗ್ಗೆ ನನ್ನ ಮುಖ್ಯ ತಕರಾರು ಇದೇ, ಮತ್ತು ಅದಕ್ಕೆ ಉತ್ತರ ನಿಮ್ಮಂಥ ಶಿಕ್ಷಕಿಯ ಬಳಿ ಮಾತ್ರ ಇದೆ. ಅಣೆಕಟ್ಟಿಗೆ ಊರು ಬಿಟ್ಟುಕೊಟ್ಟ ಮನೆಗಳ ಮಕ್ಕಳು ಅವರು. ಅವರಿಗೆ ಇದು ಸಲ್ಲಲೇಬೇಕು.

ಆದ್ದರಿಂದ ಬಾಗಿಲಲ್ಲಿ ನಿಂತವರನ್ನು ಒಳಗೆ ಕರೆಯಿರಿ. ಯಾರು ಜಾಣರು ಎಂಬ ನಿಮ್ಮ ಎಣಿಕೆ ಬಹುಶಃ ಓದು, ಬರಹ, ಹಿಂದಿನ ಅಂಕಗಳ ಮೇಲೆ ನಿಂತಿದೆ. ಪತ್ರಿಕೆಯ ಅರ್ಧ ಭಾಗಕ್ಕೆ ಓದು-ಬರಹವೇ ಬೇಕಿಲ್ಲ. ಶನಿವಾರ ಇಡೀ ತರಗತಿಗೆ ಹಳೆಯ ನೋಟುಬುಕ್ಕಿನ ಹಾಳೆ ಕೊಟ್ಟು ಮಡಚಿ, ತೂತು ಹಾಕಿ, ಬಿಚ್ಚುವ ಮೊದಲು ಊಹಿಸಲು ಹೇಳಿ. ಕಾಗುಣಿತದಲ್ಲಿ ತಡವರಿಸುವ ಒಬ್ಬ ಹುಡುಗಿ ಎಲ್ಲರಿಗಿಂತ ಮೊದಲು ಹೇಳಿಬಿಡಬಹುದು. ಅಂಥವಳು ಶಿಕ್ಷಕಿಯ ಕಣ್ಣಿಗೆ ಬೀಳದೆ ಹೋದರೆ ಮತ್ತೆ ಯಾರ ಕಣ್ಣಿಗೂ ಬೀಳುವುದಿಲ್ಲ. 2020ರ ಶಿಕ್ಷಣ ನೀತಿಯೂ ವಿಶೇಷ ಪ್ರತಿಭೆಯ ಮಕ್ಕಳನ್ನು ಗುರುತಿಸಿ ಬೆಳೆಸುವ ಹೊಣೆಯನ್ನು ಶಿಕ್ಷಕರ ಮೇಲೇ ಇಟ್ಟಿದೆ.

ಸೀಟಿಗಾಗಿಯೇ ಬೇರೆ ಅಭ್ಯಾಸ ಬೇಕಾದವರಿಗೆ ಕೊನೆಯ ಎರಡು ತಿಂಗಳು ಕೊಡಿ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಪರೀಕ್ಷೆ ಐದನೇ ತರಗತಿಯ ಪಠ್ಯದ ಮೇಲೇ ನಿಂತಿರುವುದರಿಂದ ಅದಕ್ಕೆ ನಿಮ್ಮ ದಿನದ ಪಾಠವೇ ತಯಾರಿ.

ಪ್ರಶ್ನೆ: ಪ್ರತಿಭೆ ಇದ್ದವನಿಗೆ ಕೋಚಿಂಗ್ ಯಾಕೆ? ನಮ್ಮ ಗುರುದೇವ ರಾನಡೆಯವರು ಪರಶುರಾಮಭಾವು ಹೈಸ್ಕೂಲಿನಲ್ಲೇ ಓದಿ ಜಗತ್ತಿಗೆ ಗೊತ್ತಾದರು. ಮೊಮ್ಮಗಳಿಗೆ ಒಂದು ಪ್ರಶ್ನೆಪತ್ರಿಕೆಯನ್ನೂ ತೋರಿಸಬೇಡಿ, ಸ್ವಂತ ಬುದ್ಧಿಯಿಂದ ಬರೆಯಲಿ ಎಂದೆ. ಮನೆಯಲ್ಲಿ ಎಲ್ಲರೂ ನನ್ನ ಮೇಲೆ ಸಿಟ್ಟಾಗಿದ್ದಾರೆ.
— ನಿವೃತ್ತ ನೌಕರರು, ಜಮಖಂಡಿ

ಉತ್ತರ: ಹಿರಿಯರೇ, ನಿಮ್ಮ ಕಳಕಳಿ ಅರ್ಥವಾಗುತ್ತದೆ, ಆದರೆ ಮನೆಯವರ ಮಾತೇ ಸರಿ. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿದ ರಾನಡೆಯವರು 1902ರಲ್ಲಿ ಮೆಟ್ರಿಕ್ ಮುಗಿಸಿದರು, ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿಯಾದರು. ನಿಜ. ಆದರೆ ಅವರು ಬರೆದ ಮೆಟ್ರಿಕ್ಕಿನ ವಿಷಯಗಳನ್ನು ಅವರ ಶಾಲೆ ವರ್ಷಗಟ್ಟಲೆ ಕಲಿಸಿತ್ತು. ನಿಮ್ಮ ಮೊಮ್ಮಗಳು ಎದುರಿಸುವ ಚಿತ್ರದ ಪ್ರಶ್ನೆಗಳನ್ನು ಅವಳ ಶಾಲೆ ಕಲಿಸಿಲ್ಲ.

ಇಂಗ್ಲೆಂಡಿನಲ್ಲಿ 1944ರ ಶಿಕ್ಷಣ ಕಾಯ್ದೆಯ ನಂತರ ಹನ್ನೊಂದನೇ ವಯಸ್ಸಿಗೆ ಒಂದು ಪರೀಕ್ಷೆ ಇಟ್ಟು ಮಕ್ಕಳನ್ನು ಬೇರೆಬೇರೆ ಶಾಲೆಗಳಿಗೆ ಹಂಚುತ್ತಿದ್ದರು. ಹುಟ್ಟುಬುದ್ಧಿಯನ್ನು ಅಳೆಯುವ ಪರೀಕ್ಷೆ ಇದು, ಅಭ್ಯಾಸದಿಂದ ಬದಲಾಗದು ಎಂದು ಅನೇಕರು ನಂಬಿದ್ದರು. 1950ರ ದಶಕದಲ್ಲಿ ಫಿಲಿಪ್ ವರ್ನನ್ ಮೊದಲಾದ ಮನೋವಿಜ್ಞಾನಿಗಳು ಪರೀಕ್ಷಿಸಿ ನೋಡಿದರು. ಅಭ್ಯಾಸದಿಂದ ಅಂಕ ಏರುತ್ತಿತ್ತು, ಬಹುಪಾಲು ಏರಿಕೆ ಮೊದಲ ಕೆಲವು ಅಭ್ಯಾಸಗಳಲ್ಲೇ ಆಗುತ್ತಿತ್ತು. ಉಳಿದವರೆಲ್ಲ ಆ ಅಭ್ಯಾಸ ಮಾಡಿಕೊಂಡು ಬರುವಾಗ ನಿಮ್ಮ ಮೊಮ್ಮಗಳೊಬ್ಬಳೇ ಮೊದಲ ಸಲ ನೋಡಿದರೆ, ಪರೀಕ್ಷೆ ಅಳೆಯುವುದು ಅವಳ ಬುದ್ಧಿಯನ್ನಲ್ಲ, ನಿಮ್ಮ ಹಟವನ್ನು. ಕೆಲವು ಹಳೆಯ ಪತ್ರಿಕೆ ತಂದುಕೊಡಿ. ಸಾಧ್ಯವಾದರೆ ನೀವೇ ಪಕ್ಕದಲ್ಲಿ ಕೂತು ಬಿಡಿಸಿ.

ಪ್ರಶ್ನೆ: ಹೋದ ವರ್ಷ ಮಗಳಿಗೆ ನವೋದಯ ಆಗಲಿಲ್ಲ. ಗೆಳತಿಗೆ ಆಯಿತು. ಅಂದಿನಿಂದ ‘ನಾನು ದಡ್ಡಿ’ ಎನ್ನುತ್ತಾಳೆ. ಈಗ ಊರ ಅನುದಾನಿತ ಶಾಲೆಯಲ್ಲಿ ಆರನೇ ತರಗತಿ. ಕೋಚಿಂಗ್ ಕೊಡಿಸಲಿಲ್ಲವಲ್ಲ ಎಂದು ನನಗೂ ಕೊರಗು.
— ಒಬ್ಬ ತಂದೆ, ರಬಕವಿ

ಉತ್ತರ: ಕೊರಗು ಬಿಡಿ. ನಿಮ್ಮ ಕೊರಗನ್ನು ಅವಳು ದಿನಾ ನೋಡುತ್ತಾಳೆ, ‘ಅಪ್ಪನಿಗೂ ಹಾಗೇ ಅನಿಸಿದೆ’ ಎಂದುಕೊಳ್ಳುತ್ತಾಳೆ. 80 ಸೀಟನ್ನು ಹಳ್ಳಿ-ಪಟ್ಟಣ, ಮೀಸಲಾತಿ, ಹೆಣ್ಣುಮಕ್ಕಳ ಮೂರನೇ ಒಂದು ಪಾಲು, ಎಲ್ಲ ಹೊಂದಿಸಿ ಹಂಚುತ್ತಾರೆ. ಪಟ್ಟಿಯಲ್ಲಿ ಹೆಸರಿಲ್ಲ ಎಂದರೆ ಸೀಟು ಸಿಗಲಿಲ್ಲ ಎಂದಷ್ಟೇ ಅರ್ಥ. ಇದನ್ನು ಅವಳಿಗೆ ಅಂಕಿ-ಸಂಖ್ಯೆ ಸಮೇತ ಬಿಡಿಸಿ ಹೇಳಿ. ಹನ್ನೊಂದು ವರ್ಷದವಳಿಗೆ ‘ಪರವಾಗಿಲ್ಲ ಬಿಡು’ ಎಂಬ ಸಮಾಧಾನಕ್ಕಿಂತ ಲೆಕ್ಕ ಬೇಗ ತಿಳಿಯುತ್ತದೆ. ಗೆಳತಿ ರಜೆಗೆ ಬಂದಾಗ ಇಬ್ಬರನ್ನೂ ಭೇಟಿ ಮಾಡಿಸಿ, ದೂರ ಇಡಬೇಡಿ.

ಮುಂದಿನ ದಾರಿಗಳು ಇವೆ. ನವೋದಯದಲ್ಲಿ ಖಾಲಿ ಉಳಿದ ಸೀಟುಗಳಿಗೆ ಒಂಬತ್ತನೇ ತರಗತಿಗೆ ಇನ್ನೊಂದು ಪರೀಕ್ಷೆ ನಡೆಯುತ್ತದೆ. ಅದರ ಮಾಧ್ಯಮ ಇಂಗ್ಲಿಷ್ ಅಥವಾ ಹಿಂದಿ ಎಂಬುದು ಗೊತ್ತಿರಲಿ. ಅದಕ್ಕಿಂತ ಮೇಲಾದದ್ದು ಎಂಟನೇ ತರಗತಿಯ ಎನ್‌ಎಂಎಂಎಸ್ ವಿದ್ಯಾರ್ಥಿವೇತನ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗಷ್ಟೇ ಅದು, ನವೋದಯದಲ್ಲಿ ಓದುವವರಿಗೆ ಇಲ್ಲ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಅದರಲ್ಲೂ ಅರ್ಧ ಪರೀಕ್ಷೆ ಬೌದ್ಧಿಕ ಸಾಮರ್ಥ್ಯದ್ದೇ, ಹೋದ ವರ್ಷ ಅವಳು ಮಾಡಿದ ಅಭ್ಯಾಸ ದಂಡವಾಗಿಲ್ಲ. ಅರ್ಜಿ ಶಾಲೆಯ ಮೂಲಕವೇ ಹೋಗುತ್ತದೆ. ಏಳನೇ ತರಗತಿಯಲ್ಲಿ ಶೇ 55 ಅಂಕ ಬೇಕು, ಪರಿಶಿಷ್ಟ ಜಾತಿ-ಪಂಗಡದವರಿಗೆ ಅದರಲ್ಲಿ ರಿಯಾಯಿತಿ ಇದೆ. ಆ ಶೇ 55ರ ಮಾತನ್ನು ಸದ್ಯಕ್ಕೆ ಅವಳ ಕಿವಿಗೆ ಹಾಕಬೇಡಿ, ನೀವು ನೆನಪಿಟ್ಟುಕೊಂಡಿರಿ.