ಅಗ್ಗದ ಸ್ಪ್ರಿಂಗ್ ಪಿಸ್ತೂಲು: ಬೆಲೆಚೀಟಿಯಲ್ಲಿ ಕಾಣದ ಲೆಕ್ಕ

'ಸಸ್ತಾ ರೋಯೇ ಬಾರ್ ಬಾರ್' ಎಂಬ ಮಾತು ನಮ್ಮ ಮನೆಯಲ್ಲಿ ಆಗಾಗ ಕೇಳಿಬರುತ್ತದೆ. ಅಗ್ಗದ್ದನ್ನು ಕೊಂಡವನು ಮತ್ತೆ ಮತ್ತೆ ಅಳುತ್ತಾನೆ ಎಂದರ್ಥ. ಇದು ಎಲ್ಲ ವಸ್ತುಗಳಿಗೂ ನಿಜವೇ? ವ್ಯವಹಾರ ಅಧ್ಯಯನದಲ್ಲಿ ನಾವು ಗ್ರಾಹಕನ ಹಕ್ಕುಗಳನ್ನು ಓದುತ್ತೇವೆ. ಅವುಗಳಲ್ಲಿ ಮಾಹಿತಿ, ಸುರಕ್ಷತೆ, ಆಯ್ಕೆ ಈ ಮೂರನ್ನು ಒಂದೇ ವಸ್ತುವಿನ ಮೇಲೆ ಹಚ್ಚಿ ನೋಡೋಣ. ಉದಾಹರಣೆಗೆ ನಾನು ಆರಿಸಿಕೊಂಡಿರುವುದು, ಹೊಸಬರಿಗೆಂದು ಮಾರುವ ಅಗ್ಗದ ಏರ್‌ಸಾಫ್ಟ್ ಪಿಸ್ತೂಲು.

ಏರ್‌ಸಾಫ್ಟ್ ಹುಟ್ಟಿದ್ದು ಜಪಾನಿನಲ್ಲಿ. ಅಲ್ಲಿ ಜನಸಾಮಾನ್ಯರು ನಿಜವಾದ ಪಿಸ್ತೂಲು ಇಟ್ಟುಕೊಳ್ಳುವಂತಿಲ್ಲ. ಹಾಗಾಗಿ 6 ಮಿ.ಮೀ. ಪ್ಲಾಸ್ಟಿಕ್ ಗುಂಡು ಹಾರಿಸುವ ಪ್ರತಿಕೃತಿಗಳು ಬಂದವು, ಅವುಗಳಿಂದ ಗುರಿಯಾಟ ಬೆಳೆಯಿತು. ಇವು ಗ್ಯಾಸ್, ಬ್ಯಾಟರಿ ಅಥವಾ ಸ್ಪ್ರಿಂಗ್‌ನಿಂದ ನಡೆಯುತ್ತವೆ. ಸಾಮಾನ್ಯವಾಗಿ ಸ್ಪ್ರಿಂಗ್‌ನದೇ ಅಗ್ಗ.

ಅದರ ಕೆಲಸ ಸರಳ. ಮೇಲ್ಭಾಗವನ್ನು ಕೈಯಿಂದ ಹಿಂದಕ್ಕೆ ಎಳೆದಾಗ ಒಳಗಿನ ಪಿಸ್ಟನ್ ಸ್ಪ್ರಿಂಗನ್ನು ಒತ್ತಿ ನಿಲ್ಲುತ್ತದೆ. ಟ್ರಿಗರ್ ಒತ್ತಿದರೆ ಪಿಸ್ಟನ್ ಮುಂದಕ್ಕೆ ನುಗ್ಗಿ ಗಾಳಿಯನ್ನು ತಳ್ಳುತ್ತದೆ, ಗಾಳಿ ಗುಂಡನ್ನು ತಳ್ಳುತ್ತದೆ. ಪ್ರತಿ ಗುಂಡಿಗೂ ಮತ್ತೆ ಎಳೆಯಬೇಕು.

ಮಾಹಿತಿಯ ಹಕ್ಕು

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಕಾಣುವುದು ವೇಗ. ಆದರೆ ಯಾವ ತೂಕದ ಗುಂಡಿಗೆ ಆ ವೇಗ? ಒಂಬತ್ತನೇ ತರಗತಿಯ ಸೂತ್ರ ನೆನಪಿಸಿಕೊಳ್ಳಿ: ಚಲನಶಕ್ತಿ ಎಂದರೆ ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದ ಮೊತ್ತ. 0.20 ಗ್ರಾಂ ಗುಂಡು ಸೆಕೆಂಡಿಗೆ 60 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 0.36 ಜೌಲ್. ಅಷ್ಟೇ ಶಕ್ತಿಯಲ್ಲಿ 0.12 ಗ್ರಾಂ ಗುಂಡು ಹಾರಿಸಿದರೆ ವೇಗ ಸುಮಾರು 77 ಮೀಟರ್. ಅಂದರೆ ಹಗುರ ಗುಂಡು ಹಾಕಿ ಅಳೆದರೆ ಪೆಟ್ಟಿಗೆಯ ಮೇಲಿನ ಅಂಕಿ ತಾನಾಗಿಯೇ ದೊಡ್ಡದಾಗುತ್ತದೆ, ಪಿಸ್ತೂಲು ಮಾತ್ರ ಬದಲಾಗಿರುವುದಿಲ್ಲ. ಆದ್ದರಿಂದ ಹೋಲಿಸಬೇಕಾದದ್ದು ವೇಗವನ್ನಲ್ಲ, ಜೌಲನ್ನು.

ಕಾನೂನುಗಳೂ ಜೌಲಿನಲ್ಲೇ ಮಾತನಾಡುತ್ತವೆ. ಜಪಾನಿನಲ್ಲಿ 2006ರ ತಿದ್ದುಪಡಿಯ ನಂತರ 6 ಮಿ.ಮೀ. ಗುಂಡಿಗೆ ಮಿತಿ ಸುಮಾರು 0.98 ಜೌಲ್. ಅಲ್ಲಿ 10 ವರ್ಷ ತುಂಬಿದ ಮಕ್ಕಳಿಗೆಂದು ಮಾರುವವುಗಳ ಮಿತಿ 0.135 ಜೌಲ್. ಬ್ರಿಟನ್ನಿನ 2017ರ ಕಾಯ್ದೆ ಒಂದೊಂದೇ ಗುಂಡು ಹಾರಿಸುವವುಗಳಿಗೆ 2.5 ಜೌಲ್ ಎಂದು ಗೆರೆ ಎಳೆದಿದೆ.

ಸುರಕ್ಷತೆಯ ಹಕ್ಕು

ಚರ್ಮಕ್ಕೆ ಚುರುಕು ಮುಟ್ಟಿಸುವ ಗುಂಡು ಕಣ್ಣಿಗೆ ಬಿದ್ದರೆ ದೃಷ್ಟಿಯನ್ನೇ ಕಸಿಯಬಹುದು. 'ಇದು ಬರೀ ಸ್ಪ್ರಿಂಗ್' ಎಂಬ ಸಮಾಧಾನ ಕಣ್ಣಿಗೆ ತಿಳಿಯುವುದಿಲ್ಲ. ಮುಖಕ್ಕೆ ಸುತ್ತಲೂ ಅಂಟಿ ಕೂರುವ ಕನ್ನಡಕ ಬೇಕೇ ಬೇಕು. ಐರೋಪ್ಯ ಮಾನದಂಡ ಇಎನ್ 166ರಲ್ಲಿ 'ಎಫ್' ಗುರುತು ಪಡೆಯುವ ಕನ್ನಡಕವು 0.86 ಗ್ರಾಂ ಉಕ್ಕಿನ ಗುಂಡು ಸೆಕೆಂಡಿಗೆ 45 ಮೀಟರ್ ವೇಗದಲ್ಲಿ ಬಡಿದರೂ ತಡೆಯಬೇಕು. ಲೆಕ್ಕ ಹಾಕಿದರೆ ಅದು ಸುಮಾರು 0.87 ಜೌಲ್. ನಮ್ಮ 0.36 ಜೌಲ್ ಪಿಸ್ತೂಲಿಗೆ ಇದು ಸಾಕು. ತಂಪು ಕನ್ನಡಕಕ್ಕೆ ಈ ಪರೀಕ್ಷೆಯ ಗುರುತು ಇರುವುದಿಲ್ಲ.

ಎರಡನೆಯ ಅಪಾಯ ಗುಂಡಿನದಲ್ಲ, ರೂಪದ್ದು. ಅಮೆರಿಕದಲ್ಲಿ ಇಂಥ ಪಿಸ್ತೂಲುಗಳ ತುದಿಗೆ ಕಿತ್ತಳೆ ಬಣ್ಣ ಇರಬೇಕೆಂಬ ನಿಯಮವಿದೆ. 2014ರ ನವೆಂಬರ್ 22ರಂದು ಕ್ಲೀವ್‌ಲ್ಯಾಂಡ್ ನಗರದ ಉದ್ಯಾನದಲ್ಲಿ 12 ವರ್ಷದ ಟಮೀರ್ ರೈಸ್ ಬಳಿ ಇದ್ದ ಏರ್‌ಸಾಫ್ಟ್ ಪಿಸ್ತೂಲಿಗೆ ಆ ತುದಿ ಇರಲಿಲ್ಲ. ಪೊಲೀಸರಿಗೆ ಫೋನ್ ಮಾಡಿದವರು ಅದು ಬಹುಶಃ ನಕಲಿ ಎಂದಿದ್ದರು. ಆ ಮಾತು ಸ್ಥಳಕ್ಕೆ ಹೋದ ಪೊಲೀಸರಿಗೆ ತಲುಪಲಿಲ್ಲ. ಅವರು ಬಂದ ಕೆಲವೇ ಕ್ಷಣಗಳಲ್ಲಿ ಗುಂಡು ಹಾರಿಸಿದರು. ಮರುದಿನ ಬಾಲಕ ತೀರಿಕೊಂಡ. ಆದ್ದರಿಂದ 'ಅಸಲಿಯಂತೆಯೇ ಕಾಣುತ್ತದೆ' ಎಂಬ ಜಾಹೀರಾತನ್ನು ಗುಣದ ಕಡೆಗಲ್ಲ, ದೋಷದ ಕಡೆಗೆ ಬರೆಯಬೇಕು.

ಆಯ್ಕೆಯ ಹಕ್ಕು

ಈಗ ಖರ್ಚಿನ ಪಟ್ಟಿ ನೋಡೋಣ. ಪಿಸ್ತೂಲಿನ ಬೆಲೆ ಮೊದಲ ಸಾಲು ಮಾತ್ರ. ಅದರ ಕೆಳಗೆ ಕನ್ನಡಕ, ನಯವಾದ ಗುಂಡುಗಳು, ಗುರಿಹಲಗೆ, ಗುಂಡು ಹಿಡಿಯುವ ಪೆಟ್ಟಿಗೆ ಬರುತ್ತವೆ. ಅರ್ಥಶಾಸ್ತ್ರದಲ್ಲಿ ಇವನ್ನು ಪೂರಕ ಸರಕುಗಳು ಎನ್ನುತ್ತೇವೆ. ಪಿಸ್ತೂಲಿಗಿಂತ ಕನ್ನಡಕವೇ ದುಬಾರಿಯಾದರೆ ಆಶ್ಚರ್ಯಪಡಬೇಕಿಲ್ಲ. ಕನ್ನಡಕಕ್ಕೆ ಹಣ ಸಾಲದಿದ್ದರೆ ಪಿಸ್ತೂಲಿಗೂ ಸಾಲದು ಎಂದೇ ತಿಳಿಯಬೇಕು.

ಇನ್ನು ಗುಣಮಟ್ಟ. 5 ಮೀಟರ್ ದೂರದ ಕಾಗದಕ್ಕೆ 10 ಗುಂಡು ಹಾರಿಸಿ, ತೂತುಗಳೆಲ್ಲ ಎಷ್ಟು ಅಗಲದ ವೃತ್ತದೊಳಗೆ ಬಿದ್ದವು ಎಂದು ಅಳೆಯಬಹುದು. ವೃತ್ತ ಚಿಕ್ಕದಾದಷ್ಟೂ ಪಿಸ್ತೂಲು ನಂಬಿಕಸ್ಥ.

ಹಾಗಾದರೆ ಅಗ್ಗದ್ದನ್ನು ಕೊಂಡವನು ಅಳಲೇಬೇಕೇ? ಬೇಕಿಲ್ಲ. ಕಾನೂನು ಒಪ್ಪುವ ದೇಶದಲ್ಲಿ, ಹಿರಿಯರ ಎದುರಿನಲ್ಲಿ, ಕಾಗದದ ಗುರಿಗೆ ಹಾರಿಸಲು ಕಲಿಯುವ ಹೊಸಬನಿಗೆ ಇದೇ ಸರಿಯಾದದ್ದು. ಪ್ರತಿ ಸಲ ಎಳೆಯಬೇಕಾದ ತೊಂದರೆಯೇ ಅವನನ್ನು ನಿಧಾನಿಸಿ ಯೋಚಿಸುವಂತೆ ಮಾಡುತ್ತದೆ. ಜೌಲ್ ಬರೆಯದ, ಕನ್ನಡಕದ ಮಾತೇ ಎತ್ತದ ಪೆಟ್ಟಿಗೆಯಾದರೆ ಮಾತ್ರ ಮನೆಯವರ ಮಾತು ನಿಜವಾಗುತ್ತದೆ.

ಈದ್ ದಿನ ನಮ್ಮ ತಮ್ಮಂದಿರು ಈದಿ ಹಣ ಹಿಡಿದು ಗುಂಡು ಹಾರುವ ಆಟಿಕೆ ಬಂದೂಕಿನ ಅಂಗಡಿ ಮುಂದೆ ನಿಲ್ಲುತ್ತಾರೆ. ಅಲ್ಲೂ ಇದೇ ಲೆಕ್ಕ. ನಮ್ಮ ದೇಶದಲ್ಲಿ 14 ವರ್ಷದೊಳಗಿನವರ ಆಟಿಕೆಗಳಿಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯ. ಬೆಲೆ ಕೇಳುವ ಮೊದಲು ಆ ಗುರುತನ್ನು ಹುಡುಕಿ.

ಅಭ್ಯಾಸ: 0.12 ಗ್ರಾಂ ಗುಂಡು ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಹೊರಡುತ್ತದೆ. ಈ ಪಿಸ್ತೂಲು ಜಪಾನಿನ ಮಕ್ಕಳ ಮಿತಿಯೊಳಗೆ ಬರುತ್ತದೆಯೇ?
ಉತ್ತರ: ಶಕ್ತಿ 0.15 ಜೌಲ್. ಬರುವುದಿಲ್ಲ.